ಮೂರು ಕನ್ನಡಿಗಳ ನಡುವೆ

‘ತನ್ನ ಬೆನ್ನು ತನಗೆ ಕಾಣದು’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಪರರ ದೋಷಗಳನ್ನು ಎಣಿಸುತ್ತ ತನ್ನ ದೋಷವನ್ನು ಮರೆಯುವವರನ್ನು ಕುರಿತು ಆಡುವ ಮಾತು ಅದು. ಆದರೆ ಆ ಮಾತನ್ನು ಅಕ್ಷರಶಃ ನಿಜವೆಂದು ತೆಗೆದುಕೊಂಡವನಂತೆ, ತನ್ನ ಬೆನ್ನು ತನಗೇಕೆ ಕಾಣದು, ಕಾಣುವ ಹಾಗೆ ಮಾಡಿಕೊಂಡರೆ ಏನು ತಿಳಿದೀತು ಎಂದು ವರ್ಷಗಟ್ಟಲೆ ಕನ್ನಡಿಯ ಮುಂದೆ ನಿಂತು ನೋಡಿದ ಒಬ್ಬ ಮನುಷ್ಯನಿದ್ದ. ಆತನ ಹೆಸರು ಫ್ರೆಡರಿಕ್ ಮಥಾಯಸ್ ಅಲೆಗ್ಸಾಂಡರ್. ಆತ ವೈದ್ಯನಲ್ಲ, ವಿಜ್ಞಾನಿಯಲ್ಲ, ವ್ಯಾಯಾಮದ ಉಪಾಧ್ಯಾಯನೂ ಅಲ್ಲ. ರಂಗದ ಮೇಲೆ ಕಾವ್ಯವಾಚನ ಮಾಡಿ ಹೊಟ್ಟೆ ಹೊರೆಯಹೊರಟು, ಗಂಟಲು ಕಟ್ಟಿ ಕುಳಿತ ಒಬ್ಬ ತರುಣ. ಆತನ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಈ ಕಥೆಯಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಕುತ್ತಿಗೆನೋವಿನಿಂದ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮೂವತ್ತು ವರ್ಷ ಉತ್ತರಪತ್ರಿಕೆಗಳ ಮೇಲೆ ಬಾಗಿದವನು ನಾನು. ಚಿಕ್ಕಂದಿನಲ್ಲಿ ಅಜ್ಜಿ ‘ನೆಟ್ಟಗೆ ಕೂತ್ಕೊಳೋ, ಗೂನು ಬೀಳುತ್ತೆ’ ಎಂದು ಗದರಿದಾಗಲೆಲ್ಲ ನೆಟ್ಟಗೆ ಕುಳಿತಿದ್ದೇನೆ. ಆಕೆ ಅತ್ತ ತಿರುಗಿದ ಮರುಗಳಿಗೆಯಲ್ಲಿ ಮತ್ತೆ ಬಾಗಿದ್ದೇನೆ. ಮುಂದೆ ನಾನೇ ಮೇಷ್ಟರಾಗಿ ಅದೇ ಮಾತನ್ನು ಹುಡುಗರಿಗೆ ಹೇಳಿದ್ದೇನೆ. ಅವರೂ ಅಷ್ಟೇ ನಿಷ್ಠೆಯಿಂದ ಅರೆಗಳಿಗೆ ನೆಟ್ಟಗಾಗಿ ಮತ್ತೆ ಕುಸಿದಿದ್ದಾರೆ. ಹೇಳಿದವರ ಮಾತು ಸರಿ, ಕೇಳಿದವರಿಗೆ ಮನಸ್ಸೂ ಇದೆ. ಆದರೂ ಬೆನ್ನು ಮಾತ್ರ ಕೇಳುವುದಿಲ್ಲ. ಇದೇಕೆ? ಈ ಸಣ್ಣ ಪ್ರಶ್ನೆಗೆ ಅಲೆಗ್ಸಾಂಡರನ ಇಡೀ ಬಾಳು ಒಂದು ಉತ್ತರ.

ಆತ ಹುಟ್ಟಿದ್ದು 1869ರ ಜನವರಿ 20ರಂದು, ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದಲ್ಲಿ, ವಿನ್ಯಾರ್ಡ್ ಎಂಬ ಊರಿನ ಬಳಿ. ಇಂಗ್ಲೆಂಡಿನಲ್ಲಿ 1830ರಲ್ಲಿ ಹೊಲದ ಕೂಲಿಗಳು ದಂಗೆಯೆದ್ದು ಒಕ್ಕಣೆಯ ಯಂತ್ರಗಳನ್ನು ಒಡೆದಾಗ ಶಿಕ್ಷೆಗೆ ಗುರಿಯಾಗಿ ಗಡೀಪಾರಾಗಿ ಬಂದವರಲ್ಲಿ ಆತನ ತಾತನೂ ಒಬ್ಬ. ಮಗು ದಿನತುಂಬುವ ಮೊದಲೇ ಹುಟ್ಟಿದ್ದು. ಬಾಲ್ಯದಲ್ಲಿ ಮೇಲಿಂದ ಮೇಲೆ ಕಾಯಿಲೆ, ಉಸಿರಾಟದ ತೊಂದರೆ. ಹದಿಹರೆಯದಲ್ಲಿ ತವರದ ಗಣಿಯೊಂದರ ಕಂಪೆನಿಯಲ್ಲಿ ಗುಮಾಸ್ತನಾಗಿ ಸೇರಿ, ಒಂದಿಷ್ಟು ಹಣ ಕೂಡಿಹಾಕಿಕೊಂಡು, 1889ರಲ್ಲಿ ಮೆಲ್ಬರ್ನ್ ನಗರಕ್ಕೆ ಬಂದ. ನಾಟಕಗಳನ್ನು ನೋಡುತ್ತ, ಸಂಗೀತ ಕೇಳುತ್ತ ಕೈಯಲ್ಲಿದ್ದುದನ್ನೆಲ್ಲ ಕರಗಿಸಿದ ಮೇಲೆ, ತಾನು ಕಾವ್ಯವಾಚಕನೇ ಆಗಬೇಕೆಂದು ನಿಶ್ಚಯಿಸಿದ.

ಈ ಕಾವ್ಯವಾಚನವೆಂದರೆ ನಮ್ಮ ಗಮಕಿಗಳ ವಾಚನದಂತೆ ರಾಗದಿಂದ ಕೂಡಿದ್ದಲ್ಲ. ಷೇಕ್ಸ್‌ಪಿಯರನ ನಾಟಕಗಳ ಭಾಗಗಳನ್ನೋ ಕಥನಕವನಗಳನ್ನೋ ಒಬ್ಬನೇ ನಿಂತು ಭಾವಾಭಿನಯದೊಡನೆ ಹೇಳುವುದು. ಧ್ವನಿವರ್ಧಕಗಳಿಲ್ಲದ ಕಾಲ. ಸಭಾಂಗಣದ ಕೊನೆಯ ಸಾಲಿಗೂ ಪಿಸುಮಾತು ಮುಟ್ಟಬೇಕು. ಅಲೆಗ್ಸಾಂಡರನಿಗೆ ಹೆಸರು ಬರತೊಡಗಿತು. ಹೆಸರಿನ ಜೊತೆಯಲ್ಲಿಯೇ ಗಂಟಲು ಒಡೆಯತೊಡಗಿತು. ವಾಚನದ ನಡುವೆ ಆತ ಏದುಸಿರಿನಿಂದ ಗಾಳಿಯನ್ನು ಬಾಯಲ್ಲಿ ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆಂದು ಸ್ನೇಹಿತರು ಹೇಳಿದರು. ವೈದ್ಯರೂ ಸ್ವರಶಿಕ್ಷಕರೂ ಔಷಧಿ ಕೊಟ್ಟರು, ಉಪದೇಶ ಕೊಟ್ಟರು. ಫಲ ಅಷ್ಟಕ್ಕಷ್ಟೆ.

ಒಮ್ಮೆ ಮುಖ್ಯವಾದ ಕಾರ್ಯಕ್ರಮವೊಂದು ಬಂತು. ವೈದ್ಯರ ಸಲಹೆಯಂತೆ ಎರಡು ವಾರ ಆತ ಗಂಟಲಿಗೆ ಪೂರ್ಣ ವಿಶ್ರಾಂತಿ ಕೊಟ್ಟ. ವೇದಿಕೆ ಏರಿದಾಗ ಸ್ವರ ಗಂಟೆಯಂತೆ ಸ್ವಚ್ಛವಾಗಿತ್ತು. ಅರ್ಧ ಮುಗಿಯುವ ಹೊತ್ತಿಗೆ ಹಳೆಯ ಒರಟುತನ ಮರಳಿತು. ಕೊನೆಯಲ್ಲಿ ಮಾತೇ ಹೊರಡದಂತಾಯಿತು. ಮರುದಿನ ಆತ ವೈದ್ಯರ ಮುಂದೆ ಕುಳಿತು ಒಂದು ತರ್ಕವನ್ನು ಇಟ್ಟ: ವೇದಿಕೆ ಏರುವಾಗ ಸರಿಯಿದ್ದ ಗಂಟಲು ಇಳಿಯುವಾಗ ಕೆಟ್ಟಿರಬೇಕಾದರೆ, ನಡುವೆ ನಾನೇ ಏನನ್ನೋ ಮಾಡಿ ಕೆಡಿಸಿಕೊಂಡಿರಬೇಕಲ್ಲವೆ? ವೈದ್ಯರು ಹೌದೆಂದು ಒಪ್ಪಿದರು. ಹಾಗಾದರೆ ಅದು ಏನು? ಅದನ್ನು ಹೇಳಲು ತಮ್ಮಿಂದಾಗದೆಂದು ಅವರು ಪ್ರಾಮಾಣಿಕವಾಗಿ ನುಡಿದರು. ಅಲೆಗ್ಸಾಂಡರ್ ಮನೆಗೆ ಬಂದು ಕನ್ನಡಿಯ ಮುಂದೆ ನಿಂತ.

ಮೊದಲು ಸಾಧಾರಣ ಮಾತು ಆಡಿ ನೋಡಿದ, ಏನೂ ಕಾಣಲಿಲ್ಲ. ಆಮೇಲೆ ವಾಚನ ಮಾಡಿ ನೋಡಿದ. ಮೂರು ಸಂಗತಿಗಳು ಕಣ್ಣಿಗೆ ಬಿದ್ದವು. ಬಾಯಿ ತೆರೆಯುವುದಕ್ಕೆ ಮೊದಲೇ ತಲೆ ಹಿಂದಕ್ಕೆ ಸೆಳೆದುಕೊಳ್ಳುತ್ತಿತ್ತು. ಧ್ವನಿಪೆಟ್ಟಿಗೆ ಕೆಳಕ್ಕೆ ಒತ್ತಿಕೊಳ್ಳುತ್ತಿತ್ತು. ಉಸಿರನ್ನು ಬಾಯಿಂದ ಸದ್ದಾಗುವಂತೆ ಎಳೆದುಕೊಳ್ಳುತ್ತಿದ್ದ. ಇದನ್ನು ಕಂಡಮೇಲೆ ಮತ್ತೆ ಸಾಧಾರಣ ಮಾತಿಗೆ ಹಿಂದಿರುಗಿ ನೋಡಿದರೆ, ಅಲ್ಲಿಯೂ ಅದೇ ಮೂರು ಚೇಷ್ಟೆಗಳು, ಆದರೆ ಸಣ್ಣ ಪ್ರಮಾಣದಲ್ಲಿ. ಮುಂದೆ ನೋಡುತ್ತ ಹೋದಂತೆ ಕೇಡು ಗಂಟಲಿಗೇ ನಿಲ್ಲಲಿಲ್ಲ. ತಲೆ ಹಿಂದೆ ಸರಿದೊಡನೆ ಎದೆ ಮೇಲೇಳುತ್ತಿತ್ತು, ಬೆನ್ನು ಸಂಕೋಚಗೊಳ್ಳುತ್ತಿತ್ತು, ಆಳಿನ ಎತ್ತರವೇ ಕುಗ್ಗುತ್ತಿತ್ತು. ಕಾಲ್ಬೆರಳುಗಳು ಕೂಡ ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಪಾದಗಳಿಂದ ನೆಲವನ್ನು ಬಿಗಿಯಾಗಿ ಹಿಡಿ ಎಂದು ಅಭಿನಯದ ಗುರುವೊಬ್ಬರು ಹಿಂದೆ ಹೇಳಿಕೊಟ್ಟಿದ್ದರು. ಶಿಷ್ಯ ಅದನ್ನು ವಿಧೇಯತೆಯಿಂದ ಪಾಲಿಸುತ್ತ ಬಂದಿದ್ದ. ಗಂಟಲಿನ ಬೇನೆಯ ಬೇರು ಹೀಗೆ ಅಂಗಾಲಿನವರೆಗೂ ಇಳಿದಿತ್ತು. ದೇಹದ ಯಾವ ಕೆಲಸವೂ ಒಂದು ಅಂಗದ ಕೆಲಸವಲ್ಲ, ಇಡೀ ಮನುಷ್ಯನ ಕೆಲಸ ಎಂಬುದು ಆತ ಕಂಡ ಮೊದಲ ಸತ್ಯ.

ರೋಗ ತಿಳಿಯಿತು, ಚಿಕಿತ್ಸೆ ಸುಲಭವೆಂದು ಆತ ಬಗೆದ. ತಲೆ ಹಿಂದೆ ಹೋಗುತ್ತಿದ್ದರೆ ಮುಂದಕ್ಕೂ ಮೇಲಕ್ಕೂ ಇಟ್ಟರಾಯಿತು. ಹಾಗೆಯೇ ಇಟ್ಟು ವಾಚನ ಮಾಡಿದ. ಇಟ್ಟೇ ಇದ್ದೇನೆಂದು ನಂಬಿದ. ಆದರೂ ಸಂದೇಹ ಬಂದು ಎದುರಿಗಿದ್ದ ಕನ್ನಡಿಯ ಎರಡು ಮಗ್ಗುಲಿಗೂ ಇನ್ನೆರಡು ಕನ್ನಡಿಗಳನ್ನು ನಿಲ್ಲಿಸಿ ನೋಡಿದ. ತಾನು ತಲೆಯನ್ನು ಮುಂದಕ್ಕೆ ಇಟ್ಟಿದ್ದೇನೆಂದು ಖಂಡಿತವಾಗಿ ಅನ್ನಿಸುತ್ತಿದ್ದ ಆ ಕ್ಷಣದಲ್ಲಿಯೇ ಅದು ಹಿಂದಕ್ಕೆ ಹೋಗುತ್ತಿತ್ತು!

ಆತನ ಬದುಕಿನ ದೊಡ್ಡ ಗಳಿಗೆ ಇದೆಂದು ನಾನು ತಿಳಿದಿದ್ದೇನೆ. ನಾವು ಯಾವ ಅನಿಸಿಕೆಯನ್ನು ನೆಚ್ಚಿ ‘ಇದು ಸರಿ, ಇದು ತಪ್ಪು’ ಎಂದು ನಮ್ಮ ನಿಲುವನ್ನು ತಿದ್ದಿಕೊಳ್ಳಹೊರಡುತ್ತೇವೆಯೋ ಆ ಅನಿಸಿಕೆಯೇ ಕೆಟ್ಟಿದ್ದರೆ ಗತಿಯೇನು? ಬಹುಕಾಲದ ರೂಢಿ ಎಷ್ಟೇ ವಕ್ರವಾಗಿರಲಿ, ರೂಢಿಯಾದ್ದರಿಂದಲೇ ಅದು ಸಹಜವೆಂದು ತೋರುತ್ತದೆ. ನಿಜವಾಗಿ ನೆಟ್ಟಗಿರುವ ನಿಲುವು ಹೊಸದಾದ್ದರಿಂದ ಡೊಂಕೆಂದು ತೋರುತ್ತದೆ. ತಪ್ಪು ತೂಗುವ ತಕ್ಕಡಿಯಲ್ಲಿ ಎಷ್ಟು ಜಾಗರೂಕತೆಯಿಂದ ತೂಗಿದರೇನು ಬಂತು? ನನ್ನ ಅಜ್ಜಿಯ ಗದರಿಕೆ ಏಕೆ ಫಲಿಸಲಿಲ್ಲವೆಂಬುದು ನನಗೆ ಅರ್ಥವಾದದ್ದು ಇಲ್ಲಿ. ನಾನು ‘ನೆಟ್ಟಗೆ’ ಕುಳಿತದ್ದು ನನಗೆ ಗೊತ್ತಿದ್ದ ನೆಟ್ಟಗೆ. ಎಂದರೆ ಎದೆ ಸೆಟೆದು, ಸೊಂಟ ಬಿಗಿದು, ಉಸಿರು ಕಟ್ಟಿ. ಅದು ಹಳೆಯ ಬಿಗಿತದ ಮೇಲೆ ಇನ್ನೊಂದು ಬಿಗಿತ. ದೇಹ ಅದನ್ನು ಬಹಳ ಹೊತ್ತು ತಾಳದೆ ಇಳಿಸಿಬಿಡುತ್ತಿದ್ದುದು ಅದರ ಜಾಣತನವೇ ಇರಬೇಕು.

ಹಾಗಾದರೆ ಮಾಡಬೇಕಾದದ್ದೇನು? ‘ಮಾತನಾಡಬೇಕು’ ಎಂಬ ಸಂಕಲ್ಪ ಮೂಡಿದ ಕ್ಷಣದಲ್ಲಿಯೇ ಹಳೆಯ ಚೇಷ್ಟೆಗಳು ಒಟ್ಟಾಗಿ ಹೊರಟುಬಿಡುವುದನ್ನು ಅಲೆಗ್ಸಾಂಡರ್ ಗಮನಿಸಿದ. ಆದ್ದರಿಂದ ಕೈ ಹಾಕಬೇಕಾದದ್ದು ಆ ಕ್ಷಣಕ್ಕೆ. ಆತ ಒಂದು ವಾಕ್ಯವನ್ನು ಹೇಳಬೇಕೆಂದುಕೊಂಡು, ಆ ಪ್ರೇರಣೆಗೆ ಕೂಡಲೆ ಒಪ್ಪಿಗೆ ಕೊಡದೆ ನಿಲ್ಲುತ್ತಿದ್ದ. ಕುತ್ತಿಗೆ ಸಡಿಲವಾಗಿರಲಿ, ತಲೆ ಮುಂದಕ್ಕೂ ಮೇಲಕ್ಕೂ ಹೋಗಲಿ, ಬೆನ್ನು ಉದ್ದವಾಗಲಿ, ಅಗಲವಾಗಲಿ ಎಂದು ಮನಸ್ಸಿನಲ್ಲಿಯೇ ಆಜ್ಞೆ ಕೊಡುತ್ತಿದ್ದ. ಸ್ನಾಯುಗಳನ್ನು ಎಳೆದಾಡಿ ಅದನ್ನು ಮಾಡಲು ಹೋಗುತ್ತಿರಲಿಲ್ಲ. ಆ ಮೇಲೆ ಅದೇ ಕ್ಷಣದಲ್ಲಿ ಹೊಸದಾಗಿ ತೀರ್ಮಾನಿಸುತ್ತಿದ್ದ: ಆ ವಾಕ್ಯವನ್ನು ಹೇಳಬಹುದು, ಹೇಳದೆಯೂ ಇರಬಹುದು, ಅಥವಾ ಬೇರೇನನ್ನೋ ಮಾಡಬಹುದು, ಉದಾಹರಣೆಗೆ, ಸುಮ್ಮನೆ ಕೈಯೆತ್ತಬಹುದು. ಹೇಳಲೇಬೇಕೆಂಬ ಹಟ ಹೋದಾಗ ರೂಢಿಯ ಹಿಡಿತವೂ ಸಡಿಲಿತು. ತಿಂಗಳುಗಟ್ಟಲೆಯ ಅಭ್ಯಾಸದ ಮೇಲೆ ಒಡಕು ಸ್ವರ ಹೋಯಿತು. ಹುಟ್ಟಿದಂದಿನಿಂದ ಕಾಡಿದ ಉಸಿರಾಟದ ತೊಂದರೆಯೂ ಕಡಿಮೆಯಾಯಿತು. ಈ ನಿಲುಗಡೆಗೆ ಆತ ‘ತಡೆ’ ಎಂಬ ಅರ್ಥದ ಹೆಸರನ್ನು ಕೊಟ್ಟ; ದಾರಿಯನ್ನು ಮರೆತು ಗುರಿಗೇ ಹಾತೊರೆಯುವುದನ್ನು ಎಲ್ಲ ಕೇಡುಗಳ ತಾಯಿ ಎಂದ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತದೆ ನಮ್ಮ ಗಾದೆ. ಸುಡಬೇಕಾಗಿಲ್ಲ, ಅದು ತಲೆಯೆತ್ತುವ ಗಳಿಗೆಯಲ್ಲಿ ಅನುಮತಿ ಕೊಡದಿದ್ದರೆ ಸಾಕು ಎಂಬುದು ಅಲೆಗ್ಸಾಂಡರನ ಉತ್ತರ.

ಇದು ನಮ್ಮ ಯೋಗವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಪತಂಜಲಿ ಆಸನವನ್ನು ಕುರಿತು ಹೇಳಿರುವುದು ಮೂರೇ ಸೂತ್ರಗಳಲ್ಲಿ. ಅಲ್ಲಿ ಪ್ರಯತ್ನದ ಬಿಗಿ ಸಡಿಲಬೇಕೆಂಬ ಅಭಿಪ್ರಾಯವಿರುವುದು ನಿಜ. ಸಾಮ್ಯ ಸಂತೋಷದ ವಿಷಯ. ಆದರೆ ಈತ ನಡೆದುಬಂದದ್ದು ತನ್ನ ಕನ್ನಡಿಯ ದಾರಿಯಲ್ಲಿ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದೂ ಒಂದು ರೂಢಿಯೇ. ಅದಕ್ಕೂ ಒಂದು ಗಳಿಗೆ ತಡೆ ಹಾಕಿ ಮುಂದಿನ ಕಥೆಯನ್ನು ಕೇಳೋಣ.

ತನ್ನ ವಿಧಾನವನ್ನು ಇತರರಿಗೆ ಕಲಿಸಲು ತೊಡಗಿದ ಅಲೆಗ್ಸಾಂಡರ್ ಮೆಲ್ಬರ್ನಿನಿಂದ ಸಿಡ್ನಿಗೆ ಹೋದ. ಅಲ್ಲಿ ಸ್ಟೂವರ್ಟ್ ಮೆಕೇ ಎಂಬ ಶಸ್ತ್ರವೈದ್ಯ ಆತನ ಕೆಲಸವನ್ನು ಮೆಚ್ಚಿ ಲಂಡನ್ನಿಗೆ ಹೋಗೆಂದು ಒತ್ತಾಯಿಸಿದ. 1904ರಲ್ಲಿ ಆತ ಲಂಡನ್ನಿಗೆ ಬಂದಿಳಿದ. ಆ ಇಸವಿ ಗಮನಿಸತಕ್ಕದ್ದು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೇರಬಂದ ತರುಣರಲ್ಲಿ ಬಹಳ ಮಂದಿ ಸೈನ್ಯಕ್ಕೆ ತಕ್ಕ ದೇಹದಾರ್ಢ್ಯವಿಲ್ಲದವರೆಂದು ಕಂಡುಬಂದು ಇಂಗ್ಲೆಂಡ್ ಗಾಬರಿಗೊಂಡಿದ್ದ ಕಾಲ ಅದು. ಜನರ ದೈಹಿಕ ಅವನತಿಯನ್ನು ವಿಚಾರಿಸಲು ಸರಕಾರ ನೇಮಿಸಿದ್ದ ಸಮಿತಿ ವರದಿ ಒಪ್ಪಿಸಿದ್ದೂ 1904ರಲ್ಲಿಯೇ. ಶಾಲೆಗಳಲ್ಲಿ ಸ್ವೀಡನ್ ಮಾದರಿಯ ಕವಾಯತು ಬಲವಾಗಿ ಬೇರೂರಿತು. ಎದೆ ಮುಂದೆ, ಭುಜ ಹಿಂದೆ, ಹೊಟ್ಟೆ ಒಳಗೆ! ಚಕ್ರಾಧಿಪತ್ಯಕ್ಕೆ ನೆಟ್ಟನೆಯ ಬೆನ್ನುಗಳು ಬೇಕಾಗಿದ್ದವು. ಅಂಥ ಹೊತ್ತಿನಲ್ಲಿ ವಸಾಹತಿನಿಂದ ಬಂದ ಒಬ್ಬ ವಾಚಕ, ಕವಾಯತಿನಿಂದ ಬೆನ್ನು ನೆಟ್ಟಗಾಗುವುದಿಲ್ಲ, ಇದ್ದ ಕೇಡಿಗೆ ಬಿರುಸು ಬರುತ್ತದೆ, ಅಷ್ಟೆ ಎಂದು ವಾದಿಸಿದ.

ಮೊದಲು ಆತನ ಬಳಿಗೆ ಬಂದವರು ನಟನಟಿಯರು. 1910ರಲ್ಲಿ ಮೊದಲ ದೊಡ್ಡ ಪುಸ್ತಕ ಹೊರಬಂತು. 1932ರಲ್ಲಿ, ಕನ್ನಡಿಯ ಮುಂದಣ ಈ ಕಥೆಯನ್ನೆಲ್ಲ ವಿವರವಾಗಿ ಹೇಳುವ ಪುಸ್ತಕ. 1916ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಅಪೂರ್ವ ಶಿಷ್ಯ ದೊರೆತ: ಜಾನ್ ಡ್ಯೂಯಿ. ಅಮೆರಿಕದ ಶಿಕ್ಷಣ ಚಿಂತನೆಯನ್ನೇ ಬದಲಿಸಿದ ಈ ತತ್ತ್ವಜ್ಞಾನಿಗೆ ಆಗ ಐವತ್ತೇಳು ವರ್ಷ; ಕಣ್ಣು ದಣಿದಿತ್ತು, ಕುತ್ತಿಗೆ ಬಿಗಿದಿತ್ತು. ಡ್ಯೂಯಿ ಕಲಿತ, ಅಲೆಗ್ಸಾಂಡರನ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದ. ಇದಕ್ಕಿಂತ ಮುಖ್ಯವಾಗಿ, ಆ ಕಲಿಕೆಯನ್ನು ತನ್ನ ದರ್ಶನದೊಳಕ್ಕೆ ಬರಮಾಡಿಕೊಂಡ. ಮನುಷ್ಯ ಸ್ವಭಾವವನ್ನೂ ನಡತೆಯನ್ನೂ ಕುರಿತು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡ್ಯೂಯಿ ಎತ್ತಿಕೊಂಡ ಉದಾಹರಣೆ ಇದೇ: ಏನು ಮಾಡಬೇಕೆಂದು ತಿಳಿದರೆ, ಮನಸ್ಸು ಗಟ್ಟಿಯಿದ್ದರೆ, ಸಾಕು, ನೆಟ್ಟಗೆ ನಿಂತುಬಿಡಬಹುದು ಎಂಬುದು ವಿದ್ಯಾವಂತರಲ್ಲಿಯೂ ಉಳಿದಿರುವ ಒಂದು ಮೂಢನಂಬಿಕೆ. ಹಾಗೆ ಪ್ರಯತ್ನಿಸುವವನು ನಿಲ್ಲುವ ಬಗೆ ಬೇರೆಯಾದೀತು. ಆದರೆ ಅದು ಬೇರೆಯೊಂದು ಬಗೆಯ ಕೆಟ್ಟ ನಿಲುವು ಮಾತ್ರ. ರೂಢಿಯೇ ನಮ್ಮ ಇಚ್ಛಾಶಕ್ತಿ. ರೂಢಿಯನ್ನು ಬಿಟ್ಟು ಇಚ್ಛೆ ಎಂಬುದು ಬೇರೆಲ್ಲೋ ಕುಳಿತಿಲ್ಲ. ಬೆನ್ನಿನ ಪಾಠ ಹೀಗೆ ನೀತಿಯ ಪಾಠವಾಯಿತು.

ಮುಂದೆ ಬಂದವರ ಪಟ್ಟಿ ದೊಡ್ಡದು. ನಿದ್ರೆಗೆಟ್ಟು ಬಳಲಿದ್ದ ಆಲ್ಡಸ್ ಹಕ್ಸ್ಲಿ 1935ರಲ್ಲಿ ಬಂದ; 1936ರಲ್ಲಿ ಪ್ರಕಟವಾದ ‘ಐಲೆಸ್ ಇನ್ ಗಾಜಾ’ ಕಾದಂಬರಿಯ ಮಿಲ್ಲರ್ ಪಾತ್ರದಲ್ಲಿ ಅಲೆಗ್ಸಾಂಡರನ ಛಾಯೆ ಇದೆ. ಬರ್ನಾರ್ಡ್ ಷಾ ಎಂಬತ್ತರ ಹರೆಯದಲ್ಲಿ ಶಿಷ್ಯನಾದ. 1942ರಲ್ಲಿ ಸಂಧಾನಕ್ಕೆಂದು ಭಾರತಕ್ಕೆ ಬಂದ ಸ್ಟಾಫರ್ಡ್ ಕ್ರಿಪ್ಸ್ ಎಂಬ ಹೆಸರನ್ನು ನಾವೆಲ್ಲ ಚರಿತ್ರೆಯ ಪಾಠದಲ್ಲಿ ಓದಿದ್ದೇವೆ; ಆತನೂ ಈ ಶಿಷ್ಯವರ್ಗದವನೇ.

ಇಷ್ಟನ್ನು ಕೇಳಿದರೆ ವಿಜಯಯಾತ್ರೆಯಂತೆ ತೋರುತ್ತದೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಈ ಯಾತ್ರೆಯ ನೆರಳಿನ ಭಾಗ. ಮೊದಲ ಪುಸ್ತಕದಲ್ಲಿ ಅಲೆಗ್ಸಾಂಡರ್ ತನ್ನ ಅನುಭವದ ಮೇಲೆ ಒಂದು ವಿಕಾಸವಾದದ ಗೋಪುರವನ್ನು ಕಟ್ಟಿದ. ಹುಟ್ಟರಿವಿನಿಂದ ನಡೆಯುವವರು ‘ಕಾಡುಜನ’, ಪ್ರಜ್ಞೆಯಿಂದ ನಡೆಯುವವರು ಮೇಲಿನ ಮೆಟ್ಟಿಲಿನವರು ಎಂದು ಜನಾಂಗಗಳನ್ನು ಏಣಿಯಲ್ಲಿ ನಿಲ್ಲಿಸಿದ. ಕಪ್ಪು ಜನರ ಬಗ್ಗೆ ತಿರಸ್ಕಾರದ ಮಾತುಗಳನ್ನಾಡಿದ. ಆ ಕಾಲದ ಬಿಳಿಯರಲ್ಲಿ ಅದು ಅಪರೂಪವಾಗಿರಲಿಲ್ಲ ನಿಜ. ಆದರೆ ಸಹಜವೆಂದು ತೋರುವುದನ್ನು ಸಂದೇಹಿಸು ಎಂದು ಜಗತ್ತಿಗೆ ಬೋಧಿಸಿದವನೇ ತನ್ನ ಕಾಲಕ್ಕೆ ಸಹಜವೆಂದು ತೋರಿದ್ದನ್ನು ಸಂದೇಹಿಸಲಿಲ್ಲ. ಈ ಗೋಪುರದ ಟೊಳ್ಳನ್ನು 1918ರಲ್ಲಿ ‘ನ್ಯೂ ರಿಪಬ್ಲಿಕ್’ ಪತ್ರಿಕೆಯ ವಿಮರ್ಶೆಯಲ್ಲಿ ಎತ್ತಿ ತೋರಿಸಿದವನು ರ‍್ಯಾಂಡಾಲ್ಫ್ ಬೋರ್ನ್. ಇಡೀ ಯೂರೋಪು ಒಂದನ್ನೊಂದು ಕೊಲ್ಲುತ್ತಿರುವಾಗ ಪ್ರಜ್ಞೆಯ ಮೇಲುಮೆಟ್ಟಿಲಿನ ಮಾತನ್ನು ಆಡುವುದು ಹೇಗೆಂಬುದು ಆತನ ಆಕ್ಷೇಪಣೆಯ ಸಾರ. ಈ ಬೋರ್ನ್‌ಗೆ ಬಾಲ್ಯದಲ್ಲಿ ಬೆನ್ನೆಲುಬಿನ ಕ್ಷಯರೋಗ ತಗುಲಿ ಬೆನ್ನು ಬಾಗಿ ಹೋಗಿತ್ತು. ನೆಟ್ಟನೆಯ ಬೆನ್ನಿನ ಗುರುವಿಗೆ ಗೂನುಬೆನ್ನಿನವನು ಹಿಡಿದ ಕನ್ನಡಿ ಅದು. ಡ್ಯೂಯಿ ಗುರುವಿನ ಪರವಾಗಿ ಉತ್ತರ ಬರೆದ. ಬೋರ್ನ್ ಅದೇ ವರ್ಷದ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾದ ಮಹಾಮಾರಿಯಲ್ಲಿ ತೀರಿಕೊಂಡ.

ಎರಡನೆಯ ನೆರಳು ವಿಜ್ಞಾನಕ್ಕೆ ಸಂಬಂಧಿಸಿದ್ದು. ಈ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕೆಂಬ ಆಸೆ ಡ್ಯೂಯಿಗಿತ್ತು. ಅಲೆಗ್ಸಾಂಡರ್ ಅದಕ್ಕೆ ಒಲಿಯಲಿಲ್ಲ. ಕೈಯಿಂದ ಕೈಗೆ ಹೋಗುವ ಅನುಭವವನ್ನು ತುಂಡು ಮಾಡಿ ಅಳೆದರೆ ಅದು ಕೆಡುತ್ತದೆಂಬ ಭಯವಿದ್ದಿರಬೇಕು. 1931ರಲ್ಲಿ ಲಂಡನ್ನಿನಲ್ಲಿ ಶಿಕ್ಷಕರನ್ನು ತಯಾರುಮಾಡುವ ತರಗತಿ ಆರಂಭವಾಯಿತು. ಪರೀಕ್ಷೆ ಮಾತ್ರ ನಡೆಯಲಿಲ್ಲ. ದೇಹಕ್ಕೆ ಮೂರು ಕನ್ನಡಿಗಳನ್ನು ಇಟ್ಟ ಮನುಷ್ಯ ತನ್ನ ಸಿದ್ಧಾಂತಕ್ಕೆ ಒಂದು ಕನ್ನಡಿಯನ್ನೂ ಇಡಲಿಲ್ಲ.

ಇಡದಿದ್ದಾಗ ಬೇರೆಯವರು ಇಡುತ್ತಾರೆ, ಅದೂ ಸೌಜನ್ಯದಿಂದಲ್ಲ. ದಕ್ಷಿಣ ಆಫ್ರಿಕದಲ್ಲಿ ಈ ವಿಧಾನ ಶಾಲೆಗಳ ಕಡೆಗೆ ಕಾಲಿಡುತ್ತಿದ್ದಾಗ, ಅಲ್ಲಿನ ದೈಹಿಕ ಶಿಕ್ಷಣದ ಮುಖಂಡನಾದ ಡಾಕ್ಟರ್ ಅರ್ನ್‌ಸ್ಟ್ ಯೋಕ್ಲ್ 1944ರಲ್ಲಿ ಒಂದು ಪತ್ರಿಕೆಯಲ್ಲಿ ಲೇಖನ ಬರೆದು ಇದು ನಕಲಿ ವೈದ್ಯವೆಂದು ಜರೆದ. ಅಲೆಗ್ಸಾಂಡರ್ ಮಾನನಷ್ಟದ ಮೊಕದ್ದಮೆ ಹೂಡಿದ. ಸಾಕ್ಷ್ಯಗಳ ವಿಚಾರಣೆ ಲಂಡನ್ನಿನಲ್ಲಿಯೂ ನಡೆಯಿತು. ಪ್ರತಿವಾದಿಗಳ ಪರವಾಗಿ ನುಡಿದವರು ಸಾಮಾನ್ಯರಲ್ಲ. ಹೆನ್ರಿ ಡೇಲ್ ಮತ್ತು ಎಡ್ಗರ್ ಏಡ್ರಿಯನ್, ಇಬ್ಬರೂ ನೊಬೆಲ್ ಪಾರಿತೋಷಕ ಪಡೆದ ಶರೀರಶಾಸ್ತ್ರಜ್ಞರು. ಸ್ವಾರಸ್ಯವೆಂದರೆ, ಏಡ್ರಿಯನ್ನನೊಡನೆ 1932ರ ಬಹುಮಾನವನ್ನು ಹಂಚಿಕೊಂಡಿದ್ದ ಚಾರ್ಲ್ಸ್ ಶೆರಿಂಗ್‌ಟನ್, ಪ್ರತಿಯೊಂದು ಚಲನೆಯಲ್ಲಿಯೂ ಇಡೀ ವ್ಯಕ್ತಿ ತೊಡಗಿರುತ್ತಾನೆಂದು ಬಿಡದೆ ಹೇಳಿ ಅಲೆಗ್ಸಾಂಡರ್ ಉಪಕಾರ ಮಾಡಿದ್ದಾನೆಂದು 1946ರ ಗ್ರಂಥವೊಂದರಲ್ಲಿ ಮೆಚ್ಚಿಗೆ ಬರೆದಿದ್ದ. ನರಗಳ ಕೆಲಸಕ್ಕಾಗಿ ಒಂದೇ ಬಹುಮಾನ ಪಡೆದ ಇಬ್ಬರು ಪಂಡಿತರಲ್ಲಿ ಒಬ್ಬ ಈ ದಡ, ಒಬ್ಬ ಆ ದಡ.

ತೀರ್ಪು ಬರಲಿದ್ದ ಹೊತ್ತಿನಲ್ಲಿ, 1947ರ ಡಿಸೆಂಬರಿನಲ್ಲಿ, ಎಪ್ಪತ್ತೆಂಟರ ಅಲೆಗ್ಸಾಂಡರ್ ಬಿದ್ದ. ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಇನ್ನೇನು ಮುಗಿಯಿತೆಂದು ಬಗೆದವರ ಎದುರಿನಲ್ಲಿಯೇ ಚೇತರಿಸಿಕೊಂಡು ಮತ್ತೆ ಪಾಠಕ್ಕೆ ನಿಂತ. 1948ರಲ್ಲಿ ಜೊಹಾನ್ಸ್‌ಬರ್ಗಿನ ನ್ಯಾಯಾಲಯ ಆತನ ಪರವಾಗಿ ತೀರ್ಪಿತ್ತು ಸಾವಿರ ಪೌಂಡು ಪರಿಹಾರ ಕೊಡಿಸಿತು. 1949ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 1955ರ ಅಕ್ಟೋಬರ್ 10ರಂದು ಲಂಡನ್ನಿನಲ್ಲಿ ಆತ ಕಾಲವಾದ. ಹೆಚ್ಚುಕಡಮೆ ಕೊನೆಯ ದಿನಗಳವರೆಗೂ ಪಾಠ ಹೇಳುತ್ತಲೇ ಇದ್ದ.

ಗೆಲುವೇನೋ ಗೆಲುವೇ. ಆದರೆ ನ್ಯಾಯಾಲಯ ಹೇಳಬಲ್ಲದ್ದು ಮಾನ ಹೋಯಿತೋ ಇಲ್ಲವೋ ಎಂಬುದನ್ನು. ಬೆನ್ನು ನೆಟ್ಟಗಾಯಿತೋ ಇಲ್ಲವೋ ಎಂಬುದನ್ನು ಅಲ್ಲ. ಇನ್ನೊಂದು ಬಗೆಯ ಗೆಲುವು 1973ರಲ್ಲಿ ಬಂತು. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ನಿಕೊ ಟಿನ್‌ಬರ್ಗನ್ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಉಪನ್ಯಾಸದ ಸುಮಾರು ಅರ್ಧಭಾಗವನ್ನು ಅಲೆಗ್ಸಾಂಡರನಿಗೆ ಮೀಸಲಿಟ್ಟ. ತಾನೂ ಪತ್ನಿಯೂ ಮಗಳೂ ಪಾಠ ಹೇಳಿಸಿಕೊಂಡೆವು. ಉಸಿರಾಟ, ನಿದ್ರೆ, ರಕ್ತದ ಒತ್ತಡ ಎಲ್ಲದರಲ್ಲಿಯೂ ಸುಧಾರಣೆ ಕಂಡೆವು ಎಂದು ಸಾರಿದ. ಶಿಷ್ಯರಿಗೆ ಹಿಗ್ಗು. ಆದರೆ ಅದೇ ಉಪನ್ಯಾಸದ ಮೊದಲ ಭಾಗದಲ್ಲಿ ಮಕ್ಕಳ ಆಟಿಸಂ ಕುರಿತು ಟಿನ್‌ಬರ್ಗನ್ ಮಂಡಿಸಿದ ವಿಚಾರಗಳು ಮುಂದಿನ ಸಂಶೋಧನೆಯ ಮುಂದೆ ನಿಲ್ಲಲಿಲ್ಲ. ದೊಡ್ಡವರ ಬಾಯಿಂದ ಬಂದ ಮಾತ್ರಕ್ಕೆ ಯಾವ ಮಾತೂ ಪ್ರಮಾಣವಾಗದು.

ನಿಜವಾದ ಕನ್ನಡಿ ಹಿಡಿಯಲು 2008 ಬರಬೇಕಾಯಿತು. ಇಂಗ್ಲೆಂಡಿನ 64 ವೈದ್ಯಶಾಲೆಗಳಿಂದ, ಬಹುಕಾಲದ ಸೊಂಟನೋವಿನಿಂದ ನರಳುತ್ತಿದ್ದ 579 ಮಂದಿಯನ್ನು ಆರಿಸಿ, ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ನಡೆಸಿದ ಪರೀಕ್ಷೆಯ ಫಲಿತಾಂಶ ಆ ವರ್ಷ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವರ್ಷದ ಅನಂತರ ನಾಲ್ಕು ವಾರಗಳಲ್ಲಿ ಎಷ್ಟು ದಿನ ನೋವು ಇತ್ತೆಂದು ಕೇಳಿದರು. ವಾಡಿಕೆಯ ಚಿಕಿತ್ಸೆಯಷ್ಟನ್ನೇ ಪಡೆದವರಿಗೆ 21 ದಿನ. ಅಂಗಮರ್ದನ ಮಾಡಿಸಿಕೊಂಡವರಿಗೆ 14. ಆರು ಪಾಠ ಕಲಿತವರಿಗೆ 11. ಇಪ್ಪತ್ತನಾಲ್ಕು ಪಾಠ ಕಲಿತವರಿಗೆ 3 ದಿನ. ಆರೇ ಪಾಠಗಳ ಜೊತೆಗೆ ವೈದ್ಯರು ಹೇಳಿದ ವ್ಯಾಯಾಮವನ್ನೂ ಸೇರಿಸಿದರೆ ಇಪ್ಪತ್ತನಾಲ್ಕು ಪಾಠಗಳ ಲಾಭದ ಬಹುಪಾಲು ಸಿಗುತ್ತಿತ್ತು. ವ್ಯಾಯಾಮದ ಕವಾಯತನ್ನು ಹಳಿದವನ ವಿದ್ಯೆಗೆ ವ್ಯಾಯಾಮವೇ ಊರುಗೋಲಾಯಿತು! 2015ರಲ್ಲಿ ಕುತ್ತಿಗೆನೋವಿನ 517 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿಯೂ ಗುಣ ಕಂಡಿತು. ಅಲ್ಲಿ ಸೂಜಿಚಿಕಿತ್ಸೆ ಪಡೆದವರಿಗೂ ಅಷ್ಟೇ ಗುಣವಾಗಿತ್ತು. ಪಾಠ ಹೇಳಿಸಿಕೊಳ್ಳುವವನಿಗೆ ತಾನು ಏನನ್ನು ಪಡೆಯುತ್ತಿದ್ದೇನೆಂಬುದು ತಿಳಿದೇ ಇರುವುದರಿಂದ ಇಂಥ ಪರೀಕ್ಷೆಗಳಿಗೆ ಮಿತಿಯುಂಟು. ಸೊಂಟನೋವು, ಕುತ್ತಿಗೆನೋವುಗಳಾಚೆಗೆ ಶಿಷ್ಯರು ಹೇಳಿಕೊಂಡ ಬಹಳಷ್ಟು ಗುಣಗಳಿಗೆ ಇನ್ನೂ ಗಟ್ಟಿ ಆಧಾರವಿಲ್ಲ. ಆದರೂ ಕನ್ನಡಿಯಲ್ಲಿ ಕಂಡದ್ದು ಬರಿಯ ಭ್ರಮೆಯಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಯಿತು. ಆತ ಬದುಕಿದ್ದಾಗಲೇ ಈ ಪರೀಕ್ಷೆಗೆ ಒಪ್ಪಿದ್ದರೆ ಎಷ್ಟು ಬೆನ್ನುಗಳು ಎಷ್ಟು ದಶಕ ಮೊದಲೇ ಹಗುರಾಗುತ್ತಿದ್ದವೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ.

ಈ ಪಾಠದಲ್ಲಿ ನಡೆಯುವುದಾದರೂ ಏನು? ಹೊರಗಿನಿಂದ ನೋಡಿದವರಿಗೆ ನಗು ಬರಬಹುದು. ಒಂದು ಕುರ್ಚಿ, ಅದರ ಮೇಲೆ ಕೂರುವುದು, ಏಳುವುದು. ಶಿಕ್ಷಕನ ಕೈ ಶಿಷ್ಯನ ಕುತ್ತಿಗೆ, ಬೆನ್ನುಗಳ ಮೇಲೆ ಹಗುರಾಗಿ ಇರುತ್ತದೆ. ಏಳು ಎಂದೊಡನೆ ಶಿಷ್ಯ ಏಳಬಾರದು. ಏಳುವ ಆತುರದಲ್ಲಿ ಕುತ್ತಿಗೆ ಬಿಗಿಯುವುದನ್ನು ಗಮನಿಸಿ ಬಿಡಬೇಕು. ಮತ್ತೊಂದು ಅಭ್ಯಾಸ ಓದುಗರಿಗೆ ಪ್ರಿಯವಾಗಬಹುದು: ಮೊಣಕಾಲು ಮಡಚಿ ಅಂಗಾತ ಮಲಗಿ, ತಲೆಯ ಕೆಳಗೆ ಒಂದೆರಡು ಪುಸ್ತಕ ಇಟ್ಟುಕೊಂಡು, ಏನನ್ನೂ ಮಾಡದೆ ಹದಿನೈದು ಇಪ್ಪತ್ತು ನಿಮಿಷ ಇರುವುದು. ನನ್ನಂಥವನಿಗೆ ಪುಸ್ತಕಗಳಿಂದ ಕುತ್ತಿಗೆಗೆ ಆದ ಉಪಕಾರ ಇದೊಂದೇ. ನಾಲ್ಕೂವರೆ ಐದು ಕಿಲೋ ತೂಗುವ ತಲೆಯನ್ನು ನಾವು ದಿನವಿಡೀ ಹೊತ್ತಿರುತ್ತೇವೆ. ನೆತ್ತಿಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವಳು ಕುತ್ತಿಗೆಯನ್ನು ಹಿಂದಕ್ಕೆ ಮುರಿದರೆ ನೀರು ಚೆಲ್ಲಿ ಆ ಕೂಡಲೆ ತಪ್ಪು ತಿಳಿಯುತ್ತದೆ. ನಾವು ತಲೆಯನ್ನು ಹೇಗೆ ಹೊತ್ತರೂ ಏನೂ ಚೆಲ್ಲುವುದಿಲ್ಲವಾಗಿ, ತಪ್ಪು ತಿಳಿಯಲು ಮೂವತ್ತು ವರ್ಷ ಬೇಕಾಗುತ್ತದೆ.

ನಾನು ಶಿಷ್ಯನೆಂದು ಹೇಳಿಕೊಳ್ಳಲಾರೆ. ಪುಸ್ತಕದಿಂದ ಈ ವಿದ್ಯೆ ಬಾರದೆಂದು ಅದನ್ನು ಬಲ್ಲವರೇ ಹೇಳುತ್ತಾರೆ. ಅನಿಸಿಕೆಯೇ ಮೋಸ ಮಾಡುವಾಗ ಹೊರಗಿನ ಕಣ್ಣೊಂದು, ಕೈಯೊಂದು ಬೇಕು. ನನಗೆ ದಕ್ಕಿದ್ದು ಒಂದು ಗಳಿಗೆಯ ತಡೆ ಮಾತ್ರ. ಈ ಭಾಷಣವನ್ನು ಓದಲು ಸ್ಟುಡಿಯೊದಲ್ಲಿ ಕುಳಿತಾಗ ಎದುರಿನ ಕೆಂಪು ದೀಪ ಹೊತ್ತಿಕೊಂಡಿತು. ಹೊತ್ತಿದೊಡನೆ ನನ್ನ ಗದ್ದ ಮೇಲೆದ್ದದ್ದು, ಭುಜಗಳು ಕಿವಿಯ ಕಡೆಗೆ ಏರಿದ್ದು, ಕಾಲ್ಬೆರಳುಗಳು ಚಪ್ಪಲಿಯನ್ನು ಕಚ್ಚಿದ್ದು ನನಗೆ ತಿಳಿಯಿತು. ಹಿಂದಾಗಿದ್ದರೆ ತಿಳಿಯುತ್ತಿರಲಿಲ್ಲ. ಸರಿಪಡಿಸಿಕೊಳ್ಳಲು ಹೋಗಲಿಲ್ಲ, ಮೊದಲ ಮಾತನ್ನು ಆಡದೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಭುಜಗಳು ತಾವಾಗಿ ಇಳಿದವು. ಆಮೇಲೆ ಆ ಗಾದೆಯಿಂದ ಮಾತು ಆರಂಭಿಸಿದೆ.